ದಪ್ಪಣ್ಣನಿಗೆ ಪ್ರವೇಶವಿಲ್ಲ

ಜೂನ್ ೨, ಸೋಮವಾರ

ಮುಂದೊಂದು ದಿನ ಚರಿತ್ರೆಕಾರರು ಹುಡುಕಾಡಿ ಸುಸ್ತಾಗಬಾರದೆಂದು ಇಲ್ಲೇ ದಾಖಲಿಸಿಬಿಡುತ್ತೇನೆ: ಇಂದು ಬೆಳಗಿನ ಚಹಾ ಕುದಿಯುವ ಮೊದಲು ಈ ಮನೆಯ ಕಟ್ಟಕಡೆಯ ಡಬ್ಬಿಗೂ ಚೀಟಿ ಅಂಟಿಸಲಾಯಿತು. ಇನ್ನು ಈ ಮನೆಯಲ್ಲಿ ಯಾವ ವಸ್ತುವೂ ಅನಾಥವಲ್ಲ. ಕತ್ತರಿಗೆ ಕತ್ತರಿಯ ಮೊಳೆ, ಟವೆಲಿಗೆ ‘ಟವೆಲ್ ಮಾತ್ರ’ ಎಂಬ ಖಾನೆ, ಅತ್ತೆಯ ಕನ್ನಡಕಕ್ಕೆ ಅತ್ತೆಯ ಕನ್ನಡಕದ ಕೊಕ್ಕೆ. ಯಾವ ಚೀಟಿಗೂ ಒಗ್ಗದ ಪಾಪಿಗಳಿಗೆಂದು ಬಾಗಿಲ ಬಳಿ ‘ಬೇಡದ್ದು’ ಎಂಬ ಪೆಟ್ಟಿಗೆ. ಪ್ರತಿ ಬುಧವಾರ ಗುಜರಿಯವನು ಬಂದು ಒಯ್ಯುತ್ತಾನೆ. ಈ ದಿನಚರಿಯ ಜಾಗ ನನ್ನ ಮೇಜಿನ ಎಡ ಖಾನೆ. ಬೇರೆ ಯಾರೂ ಮುಟ್ಟತಕ್ಕದ್ದಲ್ಲ.

ನನ್ನ ಹೆಂಡತಿ ಎಲ್ಲವನ್ನೂ ಸುತ್ತಾಡಿ ನೋಡಿ, “ರೀ, ನನಗೂ ಒಂದು ಚೀಟಿ ಅಂಟಿಸ್ಬಿಡಿ. ಎಲ್ಲಿ ನಿಂತ್ಕೋಬೇಕು ಅಂತ ಗೊತ್ತಾಗ್ತಿಲ್ಲ” ಅಂದಳು. ಸುಧಾರಕರಿಗೆ ಇದೆಲ್ಲ ಹೊಸದಲ್ಲ. ಆಕೆ ಕನ್ನಡಕದ ಅಂಗಡಿಯಲ್ಲಿ ಊರಿನವರ ಕಣ್ಣು ಪರೀಕ್ಷಿಸುತ್ತಾಳೆ. ನನ್ನ ಚೀಟಿಗಳು ಮಾತ್ರ ಆಕೆಯ ಕಣ್ಣಿಗೆ ಬೀಳುವುದಿಲ್ಲ.

ಕೆಲಸದ ವಿಷಯ. ಕಣ್ಣು ಕಾಣದವರಿಗೆ ದನಿಯಲ್ಲಿ ಪುಸ್ತಕ ಕೊಡುವ ಗ್ರಂಥಾಲಯವೊಂದಕ್ಕೆ ನಾನು ಧ್ವನಿ ಸಂಕಲನಕಾರ, ಅಂದರೆ ಕತ್ತರಿ ಹಿಡಿದವನು. ಓದುವವರು ನಮ್ಮ ಸೋದರತ್ತೆ. ಕೆಲಸದಲ್ಲಿದ್ದಷ್ಟು ಕಾಲ ರೈಲು ನಿಲ್ದಾಣದ ಮೈಕಿನ ಹಿಂದೆ ಕೂತವರು. ರೈಲು ತಡ ಎಂಬ ಸುದ್ದಿಯನ್ನು ಮದುವೆಯ ಕರೆಯೋಲೆಯಂತೆ ಹೇಳುತ್ತಿದ್ದರು. ಜನ ಬೈಯುವುದನ್ನು ಮರೆತು ಬೆಂಚು ಹುಡುಕಿಕೊಳ್ಳುತ್ತಿದ್ದರು. ಈಗ ನಮ್ಮ ಜೊತೆಗೇ ಇದ್ದಾರೆ. ನಮ್ಮ ಬಟ್ಟೆಯ ಬೀರುವಿನೊಳಗೆ, ಕೋಟು ಕಂಬಳಿಗಳ ನಡುವೆ, ಸ್ಟೂಲಿನ ಮೇಲೆ ಕೂತು ಓದುತ್ತಾರೆ. ಪ್ರತಿಧ್ವನಿ ಇಲ್ಲದ ಜಾಗ ಮನೆಯಲ್ಲಿ ಅದೊಂದೇ. “ಹೆಣ್ಣನ್ನ ಬೀರುನಲ್ಲಿ ಕೂಡಿಹಾಕೋ ಪದ್ಧತಿ ಹೋಯ್ತು ಅಂದ್ಕೊಂಡಿದ್ದೆ ಕಣೋ” ಎಂದು ಪ್ರತಿದಿನ ಹೇಳಿಯೇ ಒಳಗೆ ಹೋಗುವುದು.

ಈಗಿನ ಪುಸ್ತಕ ತಲೆದಿಂಬಿನಷ್ಟು ದಪ್ಪದ ಕಾದಂಬರಿ. ಅದರ ನಾಯಕ ಅಳುಬುರುಕ ಇಂಜಿನಿಯರ್; ಸೇತುವೆ ಕಟ್ಟಬೇಕಾದವನು ಅದರ ಕೆಳಗೆ ನಿಂತು ಅಳುತ್ತಾನೆ. ಅತ್ತೆ ಸುಮ್ಮನೆ ಓದುವ ಪೈಕಿ ಅಲ್ಲ. ಮಧ್ಯೆ ಮಧ್ಯೆ, “ಇವನ ಕಪಾಳಕ್ಕೆ ಎರಡು ಬಿಡೋರು ಯಾರೂ ಇಲ್ವಾ?” ಎಂದು ಶುರುಮಾಡಿ, “ಲೋ, ಇದನ್ನ ಕತ್ತರಿಸೋ” ಎಂದು ನನಗೆ ಆಜ್ಞೆ ಮಾಡುತ್ತಾರೆ. ನಾನು ಕತ್ತರಿಸುತ್ತೇನೆ. ಅದಕ್ಕೆ ಕಿವಿಗೊಟ್ಟು ಕೇಳಬೇಕಾಗಿಯೂ ಇಲ್ಲ. ತೆರೆಯ ಮೇಲೆ ದನಿ ಗುಡ್ಡದ ಸಾಲಿನಂತೆ ಕಾಣುತ್ತದೆ: ಓದು ಅಂದರೆ ಸಮನಾದ ಗುಡ್ಡ, ಹರಟೆ ಅಂದರೆ ಮೊನಚು ಶಿಖರ ಇಲ್ಲವೇ ತಗ್ಗು. ಶಿಖರ ಕಂಡರೂ ಕತ್ತರಿ, ತಗ್ಗು ಕಂಡರೂ ಕತ್ತರಿ. ಕಿವಿಗೆ ವಿಶ್ರಾಂತಿ.

ಅವಸರ ಯಾಕೆಂದರೆ, ಅತ್ತೆಯ ಗಂಟಲಲ್ಲಿ ಗಂಟು. ಮುಂದಿನ ಗುರುವಾರ ಆಪರೇಷನ್. “ದನಿ ಬರುತ್ತೆ. ಆದರೆ ಇದೇ ದನಿ ಬರುತ್ತೆ ಅಂತ ಬರ್ಕೊಡೋಕಾಗಲ್ಲ” ಎಂದಿದ್ದಾರೆ ಡಾಕ್ಟರು. ಅಷ್ಟರೊಳಗೆ ಪುಸ್ತಕ ಮುಗಿಯಬೇಕು. ಇದು ಅತ್ತೆಯ ಹಟ.

ಜೂನ್ ೫, ಗುರುವಾರ

ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ನಮ್ಮ ಸಂಕಲನದ ಸಾಫ್ಟ್‌ವೇರ್ ಮಹಾಶಯರು ತಮ್ಮಷ್ಟಕ್ಕೆ ತಾವೇ ಹೊಸ ಅವತಾರ ತಾಳಿ ಕೂತಿದ್ದರು. ಮೊದಲು ಒಂದು ಅಭಿನಂದನೆ: “ನಿಮ್ಮ ಅನುಭವವನ್ನು ಉತ್ತಮಪಡಿಸಲಾಗಿದೆ.” ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಶಾಸನ: “ಇನ್ನು ಮುಂದೆ ನಿಮ್ಮ ಕೆಲಸವನ್ನು ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿ ಅಥವಾ ನಮ್ಮ ಕ್ಲೌಡ್‌ನಲ್ಲಿ ಮಾತ್ರ ಇಡಬಹುದು. ಹೊರಗಿನ ಡ್ರೈವ್‌ಗಳಿಗೆ ಅವಕಾಶವಿಲ್ಲ.”

ನನ್ನ ಕೆಲಸವೆಲ್ಲ ಇರುವುದೇ ಹೊರಗಿನ ಡ್ರೈವಿನಲ್ಲಿ. ಇಟ್ಟಿಗೆಯಷ್ಟು ದಪ್ಪ, ಕಪ್ಪು ಮೈ, ಒಂದು ನೀಲಿ ದೀಪ. ಮನೆಯಲ್ಲಿ ಅವನನ್ನು ದಪ್ಪಣ್ಣ ಎನ್ನುತ್ತೇವೆ. ಅತ್ತೆ ಓದಿದ ಪ್ರತಿಯೊಂದು ಪುಸ್ತಕವೂ, ಕೆಮ್ಮು ಸೀನು ಸಮೇತ, ಅವನ ಹೊಟ್ಟೆಯಲ್ಲಿದೆ. ಇಷ್ಟು ವರ್ಷ ಒಂದು ದಿನವೂ ಅಜೀರ್ಣ ಎಂದವನಲ್ಲ.

ಒಳಗಿನ ಡಿಸ್ಕ್ ಅನ್ನುವುದು ದಪ್ಪಣ್ಣನ ಮುಂದೆ ಉಗ್ರಾಣದ ಎದುರು ಕೈಚೀಲ. ಇನ್ನು ಕ್ಲೌಡ್? ನಮ್ಮ ಮನೆಯ ಇಂಟರ್ನೆಟ್ಟಿನ ವೇಗಕ್ಕೆ ಕಾದಂಬರಿ ಅಲ್ಲಿಗೆ ಏರುವಷ್ಟರಲ್ಲಿ ಆ ಇಂಜಿನಿಯರನ ಮೊಮ್ಮಕ್ಕಳು ಅಳಲು ಶುರುಮಾಡಿರುತ್ತಾರೆ.

ನನ್ನ ದುಡಿಮೆ, ನನ್ನ ಪೆಟ್ಟಿಗೆ, ನನ್ನ ಮೇಜು. ಎಲ್ಲಿಡಬೇಕೆಂದು ಹೇಳಲು ಇವನ್ಯಾರು! ಮನೆಗೆ ಬಂದ ಬಡಗಿ, “ಸ್ವಾಮಿ, ನಾನು ಮಾಡಿಕೊಟ್ಟ ಕುರ್ಚಿ ಮೇಲೆ ಬಲಕ್ಕೆ ತಿರುಗಿ ಮಾತ್ರ ಕೂರತಕ್ಕದ್ದು” ಅಂದಹಾಗಾಯಿತು. ಇಂಥ ದಬ್ಬಾಳಿಕೆಯನ್ನು ನಾನು ಜನ್ಮದಲ್ಲಿ ಸಹಿಸಿದವನಲ್ಲ.

(ಕತ್ತರಿ ಮೊಳೆಯಲ್ಲಿ ಇರಲಿಲ್ಲ. ವಿಚಾರಣೆ ನಡೆದಿದೆ.)

ಜೂನ್ ೬, ಶುಕ್ರವಾರ

ಅವರ ಸಹಾಯವಾಣಿಗೆ ಫೋನ್ ಮಾಡಿದೆ. ಸಂಗೀತ ಕೇಳಿಸಿದರು. ಆಮೇಲೆ ಒಬ್ಬ ತರುಣ ಬಂದ, ದನಿಯಲ್ಲಿ ಜೇನು.

“ನಮಸ್ಕಾರ ಸರ್, ನಿಮ್ಮ ತೊಂದರೆ ನಮಗೆ ಅರ್ಥ ಆಗುತ್ತೆ.”

“ನಾನಿನ್ನೂ ಹೇಳೇ ಇಲ್ವಲ್ಲಪ್ಪಾ.”

“ಆದ್ರೂ ಅರ್ಥ ಆಗುತ್ತೆ ಸರ್.”

ಹೇಳಿದೆ. “ಡ್ರೈವ್ ನಂದು, ಕಂಪ್ಯೂಟರ್ ನಂದು, ದನಿ ನಮ್ಮತ್ತೇದು. ನಿಮ್ದೇನಿದೆ ಮಧ್ಯದಲ್ಲಿ?”

“ನಿಮ್ಮ ಒಳ್ಳೇದಕ್ಕೇ ಸರ್. ಒಂದೊಂದು ಒಂದೊಂದು ಕಡೆ ಇಟ್ರೆ ಬಳಸೋರಿಗೆ ಗೊಂದಲ ಆಗುತ್ತೆ.”

“ನನಗೆ ಗೊಂದಲ ಇರ್ಲಿಲ್ಲ, ನೀವು ಬದಲಾಯಿಸೋವರೆಗೂ.”

“ಅದೇ ಸರ್. ಈಗ ಇದೆ ಅಲ್ವಾ?”

“ಹಳೇದನ್ನೇ ವಾಪಸ್ ಕೊಟ್ಬಿಡಿ ಮಾರಾಯ್ರೆ!”

“ಹಿಂದಕ್ಕೆ ಹೋಗೋಕೆ ಬರಲ್ಲ ಸರ್. ಮುಂದಕ್ಕೆ ಮಾತ್ರ.”

“ಅಂದ್ರೆ ಹೊರಗಿನ ಡ್ರೈವ್ ನಿಷೇಧ ಅನ್ನಿ.”

“ನಿಷೇಧ ಅಲ್ಲ ಸರ್. ಅವಕಾಶ ಇಲ್ಲ, ಅಷ್ಟೇ.”

ಅಳಿಯ ಅಲ್ಲ, ಮಗಳ ಗಂಡ! ಕೊನೆಗೆ ಅವನೇ ಉಪಾಯ ಹೇಳಿದ: ಸಂಕಲನದಲ್ಲಿ ಉಳಿಸಿಕೊಂಡ ತುಂಡುಗಳನ್ನು ಮಾತ್ರ ಒಳಗಿನ ಡಿಸ್ಕಿಗೆ ತಂದು, ಕತ್ತರಿಸಿದ್ದನ್ನು ಕೈಬಿಡಬೇಕಂತೆ. ‘ಹಗುರ ಮಾಡು’ ಎಂಬ ಗುಂಡಿಯೇ ಇದೆಯಂತೆ.

ಫೋನ್ ಇಟ್ಟು ತಿರುಗಿದರೆ ಚಮಚ ನನ್ನ ಪೆನ್ನಿನ ಡಬ್ಬಿಯಲ್ಲಿ. ಹೆಂಡತಿಯನ್ನು ಕರೆದು ಸಮಾಧಾನವಾಗಿಯೇ ತಿಳಿಹೇಳಿದೆ. “ನೋಡೇ, ಒಂದೊಂದು ಒಂದೊಂದು ಕಡೆ ಇಟ್ರೆ ಗೊಂದಲ ಆಗುತ್ತೆ. ನಿನ್ನ ಒಳ್ಳೇದಕ್ಕೇ ಹೇಳೋದು.” ಆಕೆ ಯಾಕೋ ಬಹಳ ಹೊತ್ತು ನಕ್ಕಳು. ಬೀರುವಿನೊಳಗಿಂದ ಅತ್ತೆಯೂ ನಕ್ಕರು. ಅದು ರೆಕಾರ್ಡ್ ಆಗಿಹೋಯಿತು, ಕತ್ತರಿಸಿದೆ.

ಜೂನ್ ೭, ಶನಿವಾರ

ಒಳಗಿನ ಡಿಸ್ಕಿನಲ್ಲಿ ಜಾಗ ಮಾಡಲು ನನ್ನ ಮದುವೆಯ ಫೋಟೋಗಳನ್ನು ಅಳಿಸಿಹಾಕಿದೆ. ಹೆಂಡತಿಗೆ ಹೇಳಿಲ್ಲ.

ಜೂನ್ ೯, ಸೋಮವಾರ

‘ಹಗುರ ಮಾಡು’ ಒತ್ತಿದೆ. ಅತ್ತೆಯ ಕಾದಂಬರಿ ಉಪವಾಸ ಬಿದ್ದವರಂತೆ ಸಪೂರವಾಗಿ ಒಳಗೆ ಬಂದು ಕೂತಿತು. ಉಸಿರಿಲ್ಲ, ಕೆಮ್ಮಿಲ್ಲ, ಹರಟೆಯಿಲ್ಲ. ಕನ್ನಡಿಯಂತೆ ಸ್ವಚ್ಛ. ಸಾಫ್ಟ್‌ವೇರ್ ಕೂಡ “ಬಹಳ ಚೆನ್ನಾಗಿದೆ!” ಎಂದಿತು. ಈ ಮನೆಯಲ್ಲಿ ನನ್ನ ಕೆಲಸವನ್ನು ಮೆಚ್ಚಿದ ಮೊದಲ ಪ್ರಾಣಿ.

ಆದರೆ ಅದಾದ ಮೇಲೆ ದಪ್ಪಣ್ಣನ ವೈರು ಸಿಕ್ಕಿಸಿದ್ದರೆ ಸಾಕು, ಮಹಾಶಯರು ಬಾಗಿಲನ್ನೇ ತೆರೆಯುವುದಿಲ್ಲ. “ಅನುಮತಿಯಿಲ್ಲದ ಸಾಧನ ಕಂಡುಬಂದಿದೆ” ಎಂದು ಕೆಂಪು ಪಟ್ಟಿ. ವೈರು ಕಿತ್ತು ದಪ್ಪಣ್ಣನನ್ನು ಕೈಯಲ್ಲಿ ಹಿಡಿದು ಮನೆಯೆಲ್ಲ ತಿರುಗಿದೆ. ಅವನಿಗೆ ಹೊಂದುವ ಚೀಟಿ ಎಲ್ಲಿಯೂ ಇಲ್ಲ. ಹಳೆಯ ಪುಸ್ತಕಗಳು ಗ್ರಂಥಾಲಯ ಸೇರಿವೆ, ಬೇಕಾದದ್ದೆಲ್ಲ ಒಳಗೆ ಬಂದಾಯಿತಲ್ಲ. ನಿಯಮ ಅಂದಮೇಲೆ ನಿಯಮ. ಹೆಂಡತಿಗೆ ಕೊಟ್ಟು, ‘ಬೇಡದ್ದು’ ಪೆಟ್ಟಿಗೆಗೆ ಹಾಕಲು ಹೇಳಿದೆ.

“ಇದರಲ್ಲಿ ಅತ್ತೆ ಇದಾರಲ್ರೀ?”

“ಅತ್ತೆ ಕಂಪ್ಯೂಟರಿನೊಳಗೆ ಬಂದಾಯ್ತು. ಇದು ಬರೀ ಸಿಪ್ಪೆ.”

ಅತ್ತೆ ಬೀರುವಿನಿಂದ ತಲೆ ಹೊರಹಾಕಿ, “ಯಾರೋ ಅದು ಸಿಪ್ಪೆ?” ಅಂದರು.

ಜೂನ್ ೧೧, ಬುಧವಾರ

ಕೊನೆಯ ಅಧ್ಯಾಯ ಬಾಕಿ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಅತ್ತೆಯ ದನಿ ಮರಳಿನ ಮೇಲೆ ಚಪ್ಪಲಿ ಎಳೆದ ಹಾಗಾಯಿತು. “ಆಮೇಲೆ ಓದ್ತೀನಿ ಬಿಡೋ” ಅಂದರು. ಆಮೇಲೆ ಬೇರೆ ದನಿ ಬಂದರೆ ಹೊಂದುವುದಿಲ್ಲವಲ್ಲ ಎಂದೆ. ಅತ್ತೆ ಕನ್ನಡಕ ಮಡಿಸಿ, ಕೊಕ್ಕೆಗೆ ಹಾಕದೆ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ನಾಳೆ ಆಪರೇಷನ್ ಅಲ್ಲವೇ ಎಂದು ಕೊಕ್ಕೆಯ ಮಾತೆತ್ತಲಿಲ್ಲ.

ಗುಜರಿಯವನು ಬಂದು ಪೆಟ್ಟಿಗೆ ಖಾಲಿ ಮಾಡಿಕೊಂಡು ಹೋದ.

ಜೂನ್ ೧೨, ಗುರುವಾರ

ಆಯಿತು. ಚೆನ್ನಾಗಿದ್ದಾರೆ. ಆಸ್ಪತ್ರೆಯ ಕುರ್ಚಿಗಳ ಮೇಲೆ ಸಂಖ್ಯೆ ಬರೆದಿದ್ದರು. ನನ್ನದಲ್ಲದ ಸಂಖ್ಯೆಯ ಮೇಲೆ ಕೂತಿದ್ದೆ ಎಂದು ಈಗ ಹೊಳೆಯುತ್ತಿದೆ.

ಜೂನ್ ೧೪, ಶನಿವಾರ

ಡಾಕ್ಟರ ಅಪ್ಪಣೆ: ಮಾತಿಲ್ಲ, ಪಿಸುಮಾತಿಲ್ಲ, ಕೆಮ್ಮು ಆದಷ್ಟು ಇಲ್ಲ, ನಗು ಖಂಡಿತ ಇಲ್ಲ. ಹೆಂಡತಿ ಎಲ್ಲಿಂದಲೋ ಒಂದು ಸ್ಲೇಟು ತಂದುಕೊಟ್ಟಳು. ಅತ್ತೆ ಅದರ ಮೇಲೆ ಬರೆದ ಮೊದಲ ವಾಕ್ಯ: “ಈ ಸ್ಲೇಟಿನ ಜಾಗ ಎಲ್ಲಿ, ಸಾಹೇಬರೇ?” ನಿಜಕ್ಕೂ ಅದಕ್ಕೆ ಚೀಟಿ ಇಲ್ಲ. ಸದ್ಯಕ್ಕೆ ಎಲ್ಲಿ ಬೇಕಾದರೂ ಇರಲಿ ಎಂದೆ. ವಿನಾಯಿತಿ ತಾತ್ಕಾಲಿಕ.

ಮನೆ ತುಂಬ ಸದ್ದಿಲ್ಲ. ಸಂಕಲನಕ್ಕೆ ಹೇಳಿ ಮಾಡಿಸಿದಂಥ ವಾತಾವರಣ. ಕೆಲಸ ಮಾತ್ರ ಮಾಡಲಾಗಲಿಲ್ಲ.

ಜೂನ್ ೧೭, ಮಂಗಳವಾರ

ಗ್ರಂಥಾಲಯದಿಂದ ಫೋನು. ಈವರೆಗೆ ಕಳಿಸಿದ ಅಧ್ಯಾಯಗಳನ್ನು ಕೇಳಿದ ಒಬ್ಬರು ಮಾತನಾಡಬೇಕಂತೆ: ದೃಷ್ಟಿ ಹೋದ ಮೇಲೆ ನಮ್ಮ ಪುಸ್ತಕಗಳನ್ನು ಒಂದೂ ಬಿಡದೆ ಕೇಳುವ ಗಣಿತದ ಮೇಷ್ಟ್ರು. ತಪ್ಪು ಹಿಡಿದಿರಬೇಕೆಂದು ಪುಸ್ತಕ ತೆರೆದಿಟ್ಟುಕೊಂಡೆ. ಅತ್ತೆಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

“ಏನ್ರೀ, ಮೂರನೇ ಅಧ್ಯಾಯದಲ್ಲಿ ಆ ಹುಡುಗಿ ಇಂಜಿನಿಯರನ್ನ ಒಪ್ಕೋತಾಳಲ್ಲ, ಅಲ್ಲಿ ಒಂದು ಮಾತು ಬರುತ್ತೆ,” ಎಂದು ಮೇಷ್ಟ್ರು ನಿಲ್ದಾಣದ ಧಾಟಿಯಲ್ಲೇ ಒಪ್ಪಿಸಿದರು: “ಕೇಳುಗರ ಗಮನಕ್ಕೆ. ಈ ಹುಡುಗಿಗೆ ಬುದ್ಧಿ ಬರುವುದು ಅನಿರ್ದಿಷ್ಟ ಕಾಲ ತಡವಾಗಲಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ.”

ಹಾಳಾದ್ದು, ಘೋಷಣೆಯ ದನಿಯಲ್ಲಿ ಸಮವಾಗಿ ಹೇಳಿದ್ದರಿಂದ ಗುಡ್ಡದ ಸಾಲಿನಲ್ಲಿ ಅಡಗಿ ಕೂತು ಪಾರಾಗಿದೆ! “ಕ್ಷಮಿಸಿ ಸರ್, ಅದು ಪುಸ್ತಕದಲ್ಲಿ ಇಲ್ಲ…”

“ಗೊತ್ತು ಕಣ್ರೀ, ಪುಸ್ತಕ ಬರೆದೋನಿಗೆ ಅಷ್ಟು ಬುದ್ಧಿ ಎಲ್ಲಿಂದ ಬರ್ಬೇಕು? ಇಡೀ ದಿನ ನಗ್ತಾ ಇದ್ದೆ. ಒಬ್ಬನೇ ಕೂತು ಕೇಳೋನಿಗೆ ಪಕ್ಕದಲ್ಲಿ ಯಾರೋ ಕೂತ ಹಾಗಾಯ್ತು. ಆ ಅಮ್ಮ ಇನ್ನೂ ಎಲ್ಲೆಲ್ಲಿ ಬೈದಿದ್ದಾರೆ? ಅದನ್ನೆಲ್ಲ ಯಾಕ್ರೀ ಬಚ್ಚಿಟ್ಟಿದೀರಿ?”

ಅತ್ತೆಗೆ ನಗು. ನಗಬಾರದು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಭುಜ ಕುಣಿಸುತ್ತ, ಕಣ್ಣಲ್ಲಿ ನೀರು. ಫೋನು ಇಟ್ಟಮೇಲೆ ಸ್ಲೇಟು ಎಳೆದುಕೊಂಡು ಬರೆದರು: “ಉಳಿದದ್ದೆಲ್ಲ ಕಳಿಸು.”

ನಾನು “ಹೂಂ” ಅಂದೆ.

ಜೂನ್ ೧೮, ಬುಧವಾರ

ಇಲ್ಲ. ಒಂದೂ ಇಲ್ಲ. ಹಗುರ ಮಾಡಿದ ಮೇಲೆ ಒಳಗಿನ ಡಿಸ್ಕಿನಲ್ಲಿ ಇಂಜಿನಿಯರನ ಅಳು ಬಿಟ್ಟರೆ ಬೇರೇನಿಲ್ಲ. ಸಹಾಯವಾಣಿಯ ತರುಣನಿಗೆ ನನ್ನ ತೊಂದರೆ ಮತ್ತೊಮ್ಮೆ ಅರ್ಥವಾಯಿತು.

ಗುಜರಿಯವನನ್ನು ಹುಡುಕಿಕೊಂಡು ಹೋದೆ. ಅವನ ಶೆಡ್ಡು ನೋಡಿ ಬೆರಗಾದೆ. ರೇಡಿಯೋ ಮೇಲೆ ಬಕೆಟ್ಟು, ಬಕೆಟ್ಟಿನೊಳಗೆ ಗಡಿಯಾರ, ಗಡಿಯಾರಕ್ಕೆ ಒಂದು ಬೂಟು. ಒಂದು ಚೀಟಿಯೂ ಇಲ್ಲ. “ನಿಮ್ಮ ಪೆಟ್ಟಿಗೇಲಿ ಅಂಥ ಕಪ್ಪು ಇಟ್ಟಿಗೆ ಇರ್ಲಿಲ್ಲ ಸ್ವಾಮಿ. ಒಂದು ಛತ್ರಿ, ಒಂದು ಇಲಿ ಬೋನು, ಅಷ್ಟೇ” ಅಂದ. ನಂಬಲಿಲ್ಲ. ರಾಶಿಯನ್ನೆಲ್ಲ ಕೆದಕಿದೆ. ಮೊಣಕೈ ತರಚಿತು.

ಅತ್ತೆಗೆ ಏನೆಂದು ಹೇಳುವುದು? ‘ನಿಮ್ಮ ದನಿಯಲ್ಲಿ ಆ ಪುಸ್ತಕದ್ದಲ್ಲದ, ನಿಮ್ಮದೇ ಆದ ಮಾತು ಎಷ್ಟಿತ್ತೋ ಅಷ್ಟನ್ನೇ ಆರಿಸಿ ಎಸೆದೆ’ ಅಂತಲೇ? ಆ ಸಾಫ್ಟ್‌ವೇರ್ ಮಾಡಿದವರ ಮನೆಯ ಬಚ್ಚಲು ಕಟ್ಟಿಕೊಳ್ಳಲಿ.

ಜೂನ್ ೧೯, ಗುರುವಾರ

ಬೆಳಿಗ್ಗೆ ಚಹಾ ಕೊಡುತ್ತ ಹೆಂಡತಿ, “ಮುಖ ಯಾಕ್ರೀ ಹಾಗಿದೆ?” ಅಂದಳು. ಹೇಳಿದೆ. ಎಲ್ಲವನ್ನೂ, ಮದುವೆಯ ಫೋಟೋ ಸಮೇತ.

ಆಕೆ ಎದ್ದು ಹೋಗಿ, ‘ಟವೆಲ್ ಮಾತ್ರ’ ಖಾನೆ ಎಳೆದು, ಅದರ ತಳದಿಂದ ಒಂದು ಚಳಿಗಾಲದ ಕಾಲುಚೀಲ ತೆಗೆದು, ಅದರೊಳಗಿಂದ ದಪ್ಪಣ್ಣನನ್ನು ಹೊರತೆಗೆದಳು.

ನನ್ನ ಬಾಯಿಂದ ಬಂದ ಮೊದಲ ಮಾತನ್ನು ಪ್ರಾಮಾಣಿಕವಾಗಿ ಬರೆಯುತ್ತೇನೆ: “ಅದು ಟವೆಲ್ ಖಾನೆ ಅಲ್ವೇನೇ?”

“ಹೌದು. ‘ಬೇಡದ್ದು’ ಅಂತ ನೀವಂದ್ರಿ, ನಾನನ್ನಲಿಲ್ಲ. ಫೋಟೋನೂ ಇದರಲ್ಲೇ ಇದೆ. ಹೋದ ವರ್ಷ ನಾನೇ ಹಾಕಿಟ್ಟಿದ್ದೆ, ನಿಮ್ಮನ್ನ ಕೇಳ್ದೆ.”

“ಕಾಲುಚೀಲ ಯಾಕೆ?”

“ವಯಸ್ಸಾದೋನು. ಬೆಚ್ಚಗಿರ್ಲಿ ಅಂತ.”

ಅತ್ತೆ ಸ್ಲೇಟು ಎತ್ತಿ ಹಿಡಿದರು. “ಸಿಪ್ಪೆಗೆ ಸ್ವಾಗತ.”

ಜೂನ್ ೨೦, ಶುಕ್ರವಾರ

ದಪ್ಪಣ್ಣನನ್ನು ಸಿಕ್ಕಿಸಿದೆ. ಕೆಂಪು ಪಟ್ಟಿ. “ಅನುಮತಿಯಿಲ್ಲದ ಸಾಧನ.” ನಾನು ಆ ಮಹಾಶಯರನ್ನು ಬೇರುಸಹಿತ ಕಿತ್ತುಹಾಕಿದೆ. ಹೋಗುವಾಗಲೂ, “ನಿಮ್ಮನ್ನು ಕಳೆದುಕೊಳ್ಳುವುದು ನಮಗೆ ಬೇಸರದ ಸಂಗತಿ” ಎಂದರು. ಜಿಗಣೆಯೂ ಹಾಗೇ ಹೇಳುತ್ತಿತ್ತೇನೋ, ಅದರ ಬಾಯಿಗೆ ಬಿಡುವಿದ್ದಿದ್ದರೆ.

ಪುಕ್ಕಟೆ ಸಿಗುವ ಇನ್ನೊಂದು ಸಾಫ್ಟ್‌ವೇರ್ ಹಾಕಿಕೊಂಡೆ. ರೂಪ ಕೇಳಬೇಡಿ: ಗುಂಡಿಗಳೆಲ್ಲ ಬೂದು, ಅಕ್ಷರ ಸೊಟ್ಟ. ಅಭಿನಂದನೆ ಇಲ್ಲ, ಹೊಗಳಿಕೆ ಇಲ್ಲ. ಒಂದು ಪುಟ್ಟ ಚೌಕ ಮಾತ್ರ ತೆರೆದುಕೊಂಡಿತು: “ಎಲ್ಲಿ ಉಳಿಸಲಿ?”

ಕೇಳಿತು! ನನ್ನನ್ನು ಕೇಳಿತು! ಎಷ್ಟೋ ಹೊತ್ತು ಉತ್ತರ ಕೊಡದೆ ಆ ಪ್ರಶ್ನೆಯನ್ನೇ ನೋಡುತ್ತ ಕೂತಿದ್ದೆ. ಅಷ್ಟರಲ್ಲಿ ಹೆಂಡತಿ ಬಾಗಿಲಲ್ಲಿ ನಿಂತು, “ರೀ, ಈ ಹೊಸ ಡಬ್ಬಿ ಎಲ್ಲಿಡ್ಲಿ?” ಅಂದಳು.

“ನಿನಗೆಲ್ಲಿ ಬೇಕೋ ಅಲ್ಲಿಡು.”

ಆಕೆ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವೇನೂ ಇಲ್ಲ, ಯಾಕೆ ಮುಟ್ಟಿದಳೋ.

ಜೂನ್ ೨೫, ಬುಧವಾರ

ಕಿವಿಗೆ ಬಹಳ ಕೆಲಸ. ಕತ್ತರಿಸಿದ್ದನ್ನು ಹುಡುಕಬೇಕಾದರೆ ಎಲ್ಲವನ್ನೂ ಕೇಳಲೇಬೇಕು, ಕಣ್ಣು ಇಲ್ಲಿ ಕೆಲಸಕ್ಕೆ ಬಾರದು. ಶಿಖರಗಳೆಲ್ಲ ಬೈಗುಳ, ಒಂದಕ್ಕಿಂತ ಒಂದು ಸೊಗಸು. ಇಂಜಿನಿಯರನಿಗೆ ಅತ್ತೆ ಒಂದು ಕಡೆ, “ಇವನ ಕಣ್ಣೀರು ಹಿಡಿದಿಟ್ಟಿದ್ರೆ ಊರಿಗೆ ನಲ್ಲಿ ಹಾಕಿಸ್ಬೋದಿತ್ತು” ಅಂದಿದ್ದಾರೆ. ಎಲ್ಲವನ್ನೂ ಅದದರ ಜಾಗಕ್ಕೆ ಮರಳಿ ಕೂರಿಸುತ್ತಿದ್ದೇನೆ. ಮೊದಲು ಕಳಿಸಿದ ಅಧ್ಯಾಯಗಳನ್ನೂ ಬದಲಾಯಿಸಿ ಕಳಿಸಲು ಗ್ರಂಥಾಲಯ ಒಪ್ಪಿದೆ.

ಇಂದು ಒಂದು ತಗ್ಗು ಕೇಳಿದೆ. ಆಪರೇಷನ್ನಿನ ಹಿಂದಿನ ವಾರದ್ದು. ಗೊಣಗಾಟವೆಂದು ಕೇಳದೆಯೇ ಕತ್ತರಿಸಿದ್ದೆ. ಕಂಬಳಿ ಸರಿದ ಸದ್ದು, ಆಮೇಲೆ ಅತ್ತೆ, ಮೈಕಿಗಲ್ಲ, ತಮ್ಮಷ್ಟಕ್ಕೆ: “ಇರ್ಲಿ, ಒಂದ್ನಿಮಿಷ. ಇದೇ ದನೀಲಿ ಇನ್ನೆಷ್ಟು ಪುಟಾನೋ. ಒಂದಿನಾನೂ ತಡ ಮಾಡ್ಲಿಲ್ಲ ಇದು, ಪಾಪ.” ಸ್ವಲ್ಪ ಬಿಟ್ಟು, “ಲೋ, ಇದನ್ನ ಕತ್ತರಿಸೋ.”

ಅದನ್ನು ಪುಸ್ತಕಕ್ಕೆ ಹಾಕಲಿಲ್ಲ. ಎಸೆಯಲೂ ಇಲ್ಲ. ದಪ್ಪಣ್ಣನಲ್ಲಿ ಇಟ್ಟಿದ್ದೇನೆ. ಎಲ್ಲಿ ಎಂಬುದು ನನ್ನ ಇಷ್ಟ.

ಜುಲೈ ೭, ಸೋಮವಾರ

ಡಾಕ್ಟರು ಮಾತಿಗೆ ಬಿಡುಗಡೆ ಕೊಟ್ಟರು. ಅತ್ತೆ ಬಾಯಿ ತೆರೆದರು. ಬೇರೆಯೇ ದನಿ: ತಗ್ಗಿನದು, ಸ್ವಲ್ಪ ಒರಟು, ಮಳೆ ಬಿದ್ದ ಮೇಲಿನ ಹಾದಿಯಂತೆ. ಮೊದಲ ಮಾತು: “ಚಹಾಕ್ಕೆ ಸಕ್ಕರೆ ಯಾರೇ ಮರೆತಿದ್ದು?” ಆಮೇಲೆ ನನ್ನ ಕಡೆ ತಿರುಗಿ, “ಹೊಂದಲ್ಲ ಅಂತೀಯಲ್ಲ, ಕೊನೇ ಅಧ್ಯಾಯ ಏನ್ಮಾಡ್ತೀಯೋ?”

“ನೀವೇ ಓದಬೇಕು ಅತ್ತೆ.”

“ದನಿ ಬೇರೆ ಅಲ್ವೇನೋ?”

“ಮೇಷ್ಟ್ರು ಗುರುತು ಹಿಡೀತಾರೆ ಬಿಡಿ. ಬೈದ್ರೆ ಸಾಕು.”

“ಆ ಬೀರುಗೆ ಮಾತ್ರ ನಾನು ಹೋಗಲ್ಲ.”

“ಬೇಡ. ಎಲ್ಲಿ ಕೂರ್ತೀರೋ ಅಲ್ಲಿ.”

ಅಡುಗೆಮನೆಯ ಮೇಜಿನ ಬಳಿ ಕೂತರು. ಹಿಂದೆ ನೀರು ಕುದಿಯುವ ಸದ್ದು, ರಸ್ತೆಯಲ್ಲಿ ಒಂದು ಸೈಕಲ್ ಗಂಟೆ, ಹೆಂಡತಿ ಡಬ್ಬಿ ಮುಚ್ಚಿದ ಸದ್ದು. ಎಲ್ಲ ಸೇರಿಕೊಂಡಿದೆ. ಇಂಜಿನಿಯರ್ ಕೊನೆಗೂ ಸೇತುವೆ ಕಟ್ಟಿದ. ಅತ್ತೆ ಪುಸ್ತಕ ಮುಚ್ಚಿ, ಹೊಸ ದನಿಯಲ್ಲಿ, “ಕೇಳುಗರ ಗಮನಕ್ಕೆ. ಬಹಳ ತಡವಾಗಿ, ಅಂತೂ ಬಂದು ತಲುಪಿದ್ದಾನೆ” ಅಂದರು. ಕತ್ತರಿಸು ಅನ್ನಲಿಲ್ಲ.

ಅಂದಹಾಗೆ, ಚೀಟಿಗಳು ಒಂದೊಂದಾಗಿ ಉದುರುತ್ತಿವೆ. ಅಂಟು ಕಳಪೆ. ಮತ್ತೆ ಅಂಟಿಸಲು ಪುರುಸೊತ್ತಿಲ್ಲ. ಕತ್ತರಿ ಎಲ್ಲಿದೆಯೋ ದೇವರೇ ಬಲ್ಲ. ಹೇಗೂ ಅದರ ಕೆಲಸ ಕಡಿಮೆಯಾಗಿದೆ. ಈ ದಿನಚರಿಯೂ ಎಡ ಖಾನೆಯಲ್ಲಿ ಇರಲಿಲ್ಲ. ಫ್ರಿಜ್ಜಿನ ಮೇಲೆ, ಅತ್ತೆಯ ಕನ್ನಡಕದ ಕೆಳಗೆ ಸಿಕ್ಕಿತು. ಅಂದರೆ ಯಾರೋ ಓದುತ್ತಿದ್ದೀರಿ. ಒಬ್ಬರೋ, ಇಬ್ಬರೋ. ಇರಲಿ, ಓದಿ.

ಒಂದು ಉಪಕಾರ ಮಾತ್ರ ಮಾಡಿ. ದಪ್ಪಣ್ಣನಿಗೆ ಒಬ್ಬ ತಮ್ಮನನ್ನು ತಂದಿದ್ದೇನೆ. ಅತ್ತೆಯ ಎರಡೂ ದನಿಗಳು ಅಣ್ಣನಿಂದ ತಮ್ಮನಿಗೆ ಕಾಪಿ ಆಗುತ್ತಿವೆ. ಅಡುಗೆಮನೆಯ ಮೇಜಿನ ಮೇಲೆ, ಸಕ್ಕರೆ ಡಬ್ಬಿಯ ಪಕ್ಕದಲ್ಲಿ. ನೀಲಿ ದೀಪ ಮಿಣುಕುತ್ತಿರುವವರೆಗೆ ದಯವಿಟ್ಟು ಆ ವೈರು ಕೀಳಬೇಡಿ. ಮೇಜು ಒರೆಸುವುದಿದ್ದರೆ ಸುತ್ತ ಒರೆಸಿ.